ಸೀತಾಳೆಯ ಬೀಜ, ಅಣಬೆಯ ಎದೆಹಾಲು

ಬೇಸಿಗೆ ಕಳೆದು ಮುಂಗಾರು ಕಾಲಿಡುವ ಹೊತ್ತಿಗೆ ಮಲೆನಾಡಿನ ಮರಗಳ ಕೊಂಬೆಯಿಂದ ಹೂಗೊಂಚಲೊಂದು ಜಡೆಯಂತೆ ಇಳಿಬೀಳುತ್ತದೆ. ಬಿಳಿಯ ಮೇಲೆ ನೇರಳೆ ಚುಕ್ಕೆಗಳಿರುವ ಈ ಹೂವನ್ನು ಜನ ಸೀತಾಳೆ ದಂಡೆ ಎನ್ನುತ್ತಾರೆ. ಸಸ್ಯವಿಜ್ಞಾನಿಗಳಿಗೆ ಇದು ಆರ್ಕಿಡ್ ಕುಟುಂಬದ ಸಸ್ಯ. ಮರದ ಮೇಲೆ ಕುಳಿತಿರುವುದರಿಂದ ಇದನ್ನು ಬಂದಳಿಕೆ ಎಂದು ತಪ್ಪು ತಿಳಿಯುವವರಿದ್ದಾರೆ. ಬಂದಳಿಕೆ ಮರದ ರಸ ಹೀರುತ್ತದೆ, ಸೀತಾಳೆ ಹಾಗಲ್ಲ. ಅದಕ್ಕೆ ಮರ ಬೇಕಾದದ್ದು ಕೂರಲು ಮಾತ್ರ. ಗಾಳಿಯ ತೇವ, ಮಳೆಯ ನೀರು, ತೊಗಟೆಯ ಸಂದಿನಲ್ಲಿ ಕೊಳೆತ ಕಸ, ಇಷ್ಟೇ ಅದರ ಜೀವನಾಧಾರ.

ಇಂಥ ಗಿಡವನ್ನು ಕೊಂಬೆಯಿಂದ ಬಿಡಿಸಿ ತಂದು ಮನೆಯಂಗಳದ ಮರಕ್ಕೆ ಕಟ್ಟಿ ಬೆಳೆಸುವ ಹವ್ಯಾಸ ಹೊಸದಲ್ಲ. ಆದರೆ ಬೀಜ ಬಿತ್ತಿ ಸೀತಾಳೆ ಬೆಳೆಸಿದೆ ಎನ್ನುವವರು ಸಿಗುವುದು ಕಷ್ಟ. ಒಂದೊಂದು ಕಾಯಿಯಲ್ಲೂ ಸಾವಿರಗಟ್ಟಲೆ ಬೀಜಗಳಿದ್ದರೂ ಬಿತ್ತಿದ್ದು ಮೊಳೆಯುವುದಿಲ್ಲ. ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಯೂರೋಪಿನ ತೋಟಗಾರರಿಗೂ ವಿಜ್ಞಾನಿಗಳಿಗೂ ಹೆಚ್ಚುಕಡಿಮೆ ಒಂದು ಶತಮಾನ ಹಿಡಿಯಿತು. ಉತ್ತರ ತಿಳಿಯದೆ ಹೋದ ಆ ಅವಧಿಯಲ್ಲಿ ದಕ್ಷಿಣ ಅಮೆರಿಕದಿಂದ ಖಾಸಿ ಬೆಟ್ಟಗಳವರೆಗೆ ಅನೇಕ ಕಾಡುಗಳು ಬರಿದಾದವು. ಕೊನೆಗೆ ಉತ್ತರ ದೊರೆತದ್ದು ತೋಟಗಾರರು ಕೊಳೆ, ರೋಗ ಎಂದು ಹೆದರುತ್ತಿದ್ದ ಶಿಲೀಂಧ್ರದಲ್ಲಿ, ಅಂದರೆ ಅಣಬೆಯ ಜಾತಿಯಲ್ಲಿ.

ಹುಚ್ಚು ಹಿಡಿಸಿದ ಹೂವು

1818ರಲ್ಲಿ ವಿಲಿಯಂ ಸ್ವೇನ್‌ಸನ್ ಎಂಬ ನಿಸರ್ಗತಜ್ಞ ಬ್ರೆಜಿಲ್‌ನಿಂದ ಕೆಲವು ಗಿಡಗಳನ್ನು ಇಂಗ್ಲೆಂಡಿಗೆ ಕಳಿಸಿದ. ವಿಲಿಯಂ ಕ್ಯಾಟ್ಲಿ ಎಂಬ ವರ್ತಕನ ಗಾಜಿನ ಮನೆಯಲ್ಲಿ ಅವುಗಳಲ್ಲೊಂದು ಅಂಗೈಯಗಲದ ನೇರಳೆ ಹೂ ಬಿಟ್ಟಿತು. ಜಾನ್ ಲಿಂಡ್ಲಿ ಎಂಬ ಸಸ್ಯಶಾಸ್ತ್ರಜ್ಞ ಆ ಕುಲಕ್ಕೆ ವರ್ತಕನ ಹೆಸರನ್ನೇ ಸೇರಿಸಿ ಕ್ಯಾಟ್ಲಿಯಾ ಎಂದು ನಾಮಕರಣ ಮಾಡಿದ. ಅಲ್ಲಿಂದ ಮುಂದೆ ಇಂಗ್ಲೆಂಡಿನ ಸಿರಿವಂತರಿಗೆ ಆರ್ಕಿಡ್ ಗೀಳು ಹತ್ತಿತು.

ಈ ಗೀಳಿಗೆ ಅನುಕೂಲ ಮಾಡಿಕೊಟ್ಟವನೂ ಒಬ್ಬ ಹವ್ಯಾಸಿಯೇ. ನಥಾನಿಯಲ್ ವಾರ್ಡ್ ಲಂಡನ್ನಿನ ವೈದ್ಯ. ಹೊಗೆ ತುಂಬಿದ ನಗರದಲ್ಲಿ ಜರೀಗಿಡ ಬೆಳೆಸಲು ಹೋಗಿ ಸೋತಿದ್ದ. 1829ರ ಸುಮಾರಿಗೆ, ಬೇರಾವುದೋ ಉದ್ದೇಶಕ್ಕೆ ಮುಚ್ಚಿಟ್ಟಿದ್ದ ಗಾಜಿನ ಸೀಸೆಯೊಳಗೆ ಜರೀಗಿಡವೊಂದು ತಾನಾಗಿಯೇ ಚಿಗುರಿದ್ದನ್ನು ಕಂಡ. ಮುಚ್ಚಿದ ಗಾಜಿನೊಳಗೆ ತೇವ ಅಲ್ಲಿಯೇ ಸುತ್ತುತ್ತ ಗಿಡವನ್ನು ಜೀವಂತ ಇಡುತ್ತದೆ ಎಂಬುದು ಅವನಿಗೆ ಹೊಳೆಯಿತು. ಹೀಗೆ ಹುಟ್ಟಿದ ವಾರ್ಡ್ ಪೆಟ್ಟಿಗೆ ಹಡಗುಗಳ ಮೇಲೇರಿ ಸಮುದ್ರದ ಉಪ್ಪುಗಾಳಿಯಿಂದ ಗಿಡಗಳನ್ನು ಕಾಪಾಡಿತು. ತಿಂಗಳುಗಟ್ಟಲೆ ಪ್ರಯಾಣದಲ್ಲಿ ಸಾಯುತ್ತಿದ್ದ ಗಿಡಗಳು ಬದುಕಿ ದಡ ಸೇರತೊಡಗಿದವು.

ಆದರೆ ಹಡಗಿಳಿದು ಬಂದ ಗಿಡಗಳೆಲ್ಲ ಗಾಜಿನ ಮನೆಯಲ್ಲಿ ಉಳಿಯುತ್ತಿರಲಿಲ್ಲ. ಉಷ್ಣವಲಯದ ಸಸ್ಯವೆಂದರೆ ಉರಿಬಿಸಿಲಿನ ನಾಡಿನದು ಎಂದು ತಿಳಿದ ತೋಟಗಾರರು ಬೆಟ್ಟದ ತಂಪಿನಲ್ಲಿ ಬೆಳೆದ ಗಿಡಗಳನ್ನೂ ಕಾದ ಕೋಣೆಗಳಲ್ಲಿಟ್ಟು ಬೇಯಿಸಿದರು. ಸತ್ತ ಗಿಡಕ್ಕೆ ಬದಲಾಗಿ ಮತ್ತೊಂದು ಬೇಕು. ಬೀಜದಿಂದ ಬೆಳೆಸಲು ಬಾರದು. ಆದ್ದರಿಂದ ಪ್ರತಿಯೊಂದು ಗಿಡವೂ ಕಾಡಿನಿಂದಲೇ ಬರಬೇಕಾಗಿತ್ತು.

1850ರಲ್ಲಿ ಜೋಸೆಫ್ ಹುಕರ್ ಖಾಸಿ ಬೆಟ್ಟಗಳಲ್ಲಿ ನೀಲಿ ವಾಂಡಾ ಎಂಬ ಅಪೂರ್ವ ಆರ್ಕಿಡನ್ನು ಕಂಡು ಏಳು ಆಳು ಹೊರುವಷ್ಟು ಗಿಡಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕಾಗಿ ಸಂಗ್ರಹಿಸಿದ. ಅವುಗಳಲ್ಲಿ ಜೀವಂತ ತಲುಪಿದ್ದು ಕೆಲವು ಮಾತ್ರ. ಅವನ ಜತೆ ತನ್ನ ಮಾಲಿಯನ್ನು ಕಳಿಸಿದ್ದ ಇನ್ನೊಬ್ಬ ಬಿಳಿಯ ಮಹಾಶಯ ಒಂದೇ ಆಳು ಹೊರೆಯಷ್ಟು ಗಿಡ ಇಂಗ್ಲೆಂಡಿಗೆ ಕಳಿಸಿದ. ಅರೆಜೀವದಲ್ಲಿ ತಲುಪಿದ ಆ ಹೊರೆ 300 ಪೌಂಡಿಗೆ ಮಾರಾಟವಾಯಿತು. ಇದನ್ನು ಹುಕರನೇ ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ.

ಮುಂದೆ ಇದು ದೊಡ್ಡ ವ್ಯಾಪಾರವೇ ಆಯಿತು. ಸೇಂಟ್ ಆಲ್ಬನ್ಸ್ ಪಟ್ಟಣದ ಫ್ರೆಡರಿಕ್ ಸ್ಯಾಂಡರ್ ಜಗತ್ತಿನ ಮೂಲೆಮೂಲೆಗೆ ಇಪ್ಪತ್ತಕ್ಕೂ ಹೆಚ್ಚು ಸಂಗ್ರಾಹಕರನ್ನು ಅಟ್ಟಿ ಆರ್ಕಿಡ್ ದೊರೆ ಎನಿಸಿಕೊಂಡ. ಲಂಡನ್ನಿನ ಹರಾಜು ಕಟ್ಟೆಗಳಲ್ಲಿ ಕಾಡಿನ ಗಿಡಗಳು ಮೂಟೆಗಟ್ಟಲೆ ಬಿಕರಿಯಾದವು. ಆಲ್ಬರ್ಟ್ ಮಿಲಿಕನ್ ಎಂಬ ಸಂಗ್ರಾಹಕ 1891ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೊಲಂಬಿಯಾದ ಅನುಭವ ಹೇಳಿಕೊಂಡಿದ್ದಾನೆ. ಎರಡು ತಿಂಗಳ ದುಡಿಮೆಯಲ್ಲಿ ಅವನ ತಂಡಕ್ಕೆ ಸಿಕ್ಕಿದ್ದು ಸುಮಾರು 10,000 ಗಿಡಗಳು. ಅದಕ್ಕಾಗಿ ಉರುಳಿಸಿದ ಮರಗಳು ಸುಮಾರು 4,000. ಕೊಂಬೆಯ ಮೇಲಿನ ಹೂವಿಗಾಗಿ ಮರವನ್ನೇ ಕೆಡವುವುದು ಆಗ ಯಾರಿಗೂ ವಿಚಿತ್ರವೆನಿಸಲಿಲ್ಲ.

ಬುತ್ತಿಯಿಲ್ಲದ ಬೀಜ

ತೆಂಗಿನಕಾಯಿ ಒಂದು ಬೀಜ. ಅದರೊಳಗಿನ ಕೊಬ್ಬರಿ, ನೀರು ಎಲ್ಲವೂ ಮೊಳಕೆಗೆ ತಾಯಿ ಕಟ್ಟಿಕೊಟ್ಟ ಬುತ್ತಿ. ಸಾಸಿವೆಯಷ್ಟು ಸಣ್ಣ ಕಾಳಿನಲ್ಲೂ ಎಲೆ ಮೂಡುವವರೆಗೆ ಸಾಲುವಷ್ಟು ಆಹಾರವಿರುತ್ತದೆ. ಆರ್ಕಿಡ್ ಬೀಜದಲ್ಲಿ ಈ ಬುತ್ತಿ ಇಲ್ಲವೆಂದೇ ಹೇಳಬೇಕು. ಅದು ಧೂಳಿನಂತೆ ಹಗುರ. ತೆಳು ಚೀಲದೊಳಗೆ ಇನ್ನೂ ಸರಿಯಾಗಿ ರೂಪುಗೊಳ್ಳದ ಭ್ರೂಣವೊಂದೇ ಇರುತ್ತದೆ. ತೂಕವಿಲ್ಲದ ಕಾರಣ ಗಾಳಿಯಲ್ಲಿ ಬಹುದೂರ ಹಾರಬಲ್ಲದು. ಆದರೆ ಬಿದ್ದ ಜಾಗದಲ್ಲಿ ತನ್ನ ಬಲದಿಂದ ಮೊಳೆಯಲಾರದು.

1862ರಲ್ಲಿ ಆರ್ಕಿಡ್‌ಗಳ ಬಗ್ಗೆ ಪುಸ್ತಕ ಬರೆದ ಚಾರ್ಲ್ಸ್ ಡಾರ್ವಿನ್ ಇಂಗ್ಲೆಂಡಿನ ಹುಲ್ಲುಗಾವಲಿನ ಒಂದು ಆರ್ಕಿಡ್ ಗಿಡ 1,86,300 ಬೀಜ ಬಿಡುತ್ತದೆ ಎಂದು ಲೆಕ್ಕ ಹಾಕಿದ. ಎಲ್ಲ ಬೀಜಗಳೂ ಗಿಡವಾದರೆ ಮರಿಮಕ್ಕಳ ಕಾಲಕ್ಕೆ ಭೂಮಿಯ ನೆಲವೆಲ್ಲ ಅದೇ ಗಿಡದಿಂದ ಮುಚ್ಚಿಹೋಗಬೇಕು. ಹಾಗಾಗುವುದಿಲ್ಲವೇಕೆ? ಹೂಬಿಡದ ಕೆಳವರ್ಗದ ಯಾವುದೋ ಸಸ್ಯವನ್ನು ಈ ಬೀಜಗಳು ಎಳವೆಯಲ್ಲಿ ಅವಲಂಬಿಸಿರಬೇಕು ಎಂದು ಡಾರ್ವಿನ್ 1863ರ ಪತ್ರವೊಂದರಲ್ಲಿ ಊಹಿಸಿದ್ದ. ಕೈಯಲ್ಲಿ ಆಧಾರವೇನೂ ಇರಲಿಲ್ಲ. ಊಹೆ ಮಾತ್ರ ಸತ್ಯಕ್ಕೆ ಬಹಳ ಹತ್ತಿರವಿತ್ತು.

ತೋಟಗಾರರು ಇದೇ ಸತ್ಯದ ಸುತ್ತ ತಿಳಿಯದೆಯೇ ತಡಕಾಡುತ್ತಿದ್ದರು. ಐರ್ಲೆಂಡಿನ ಡಬ್ಲಿನ್ ಸಸ್ಯೋದ್ಯಾನದ ಡೇವಿಡ್ ಮೂರ್ 1840ರ ದಶಕದಲ್ಲಿ ಬೇರೆ ಆರ್ಕಿಡ್‌ಗಳು ಬೆಳೆದಿದ್ದ ಕುಂಡಗಳ ಮೇಲೆ ಬೀಜ ಉದುರಿಸಿ ಕೆಲವು ಸಸಿ ಪಡೆದ. 1856ರಲ್ಲಿ ಜಾನ್ ಡಾಮಿನಿ ಎಂಬ ತೋಟಗಾರ, ಜಾನ್ ಹ್ಯಾರಿಸ್ ಎಂಬ ಶಸ್ತ್ರವೈದ್ಯನ ಸಲಹೆಯಂತೆ ಎರಡು ಜಾತಿಗಳನ್ನು ಕೂಡಿಸಿ ಬೆಳೆಸಿದ ಮೊದಲ ಮಿಶ್ರತಳಿ ಆರ್ಕಿಡ್ ಹೂಬಿಟ್ಟಿತು. ತಾಯಿಗಿಡದ ಕುಂಡದಲ್ಲೇ ಬೀಜ ಚೆಲ್ಲಿದರೆ ಒಮ್ಮೊಮ್ಮೆ ಮೊಳೆಯುತ್ತದೆ ಎಂಬುದು ಅನುಭವದಿಂದ ಗೊತ್ತಾಯಿತು. ಲಕ್ಷ ಬೀಜಕ್ಕೆ ಬೆರಳೆಣಿಕೆಯ ಸಸಿ. ತಾಯಿಯ ಕುಂಡದಲ್ಲಿ ಇರುವುದೇನು, ಹೊಸ ಕುಂಡದಲ್ಲಿ ಇಲ್ಲದ್ದೇನು ಎಂಬುದು ಯಾರಿಗೂ ತಿಳಿಯಲಿಲ್ಲ.

ಸಿಪಾಯಿ ಕಂಡ ಗುಟ್ಟು

1885ರಲ್ಲಿ ಆಲ್ಬರ್ಟ್ ಫ್ರಾಂಕ್ ಎಂಬ ಜರ್ಮನ್ ವಿಜ್ಞಾನಿ ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿದ. ಟ್ರಫಲ್ ಎಂಬ ನೆಲದಡಿಯ ದುಬಾರಿ ಅಣಬೆಯನ್ನು ಬೆಳೆಸುವ ದಾರಿ ಹುಡುಕಲು ಪ್ರಷ್ಯಾ ಸರ್ಕಾರ ಅವನನ್ನು ನೇಮಿಸಿತ್ತು. ಟ್ರಫಲ್ ಬೆಳೆಯಲಿಲ್ಲ. ಆದರೆ ಮರದ ಬೇರುಗಳಿಗೆ ಶಿಲೀಂಧ್ರದ ನೂಲುಗಳು ಹೊದಿಕೆಯಂತೆ ಸುತ್ತಿಕೊಂಡು ಎರಡೂ ಕೊಟ್ಟು ತೆಗೆದುಕೊಂಡು ಬದುಕುವುದು ಕಂಡಿತು. ಈ ಕೂಡುಬಾಳಿಗೆ ಅವನು ಮೈಕೊರೈಜಾ ಎಂದು ಹೆಸರಿಟ್ಟ.

ಹದಿನಾಲ್ಕು ವರ್ಷಗಳ ನಂತರ, 1899ರ ಮೇ ತಿಂಗಳಲ್ಲಿ, ನೋಯೆಲ್ ಬರ್ನಾರ್ ಎಂಬ ಇಪ್ಪತ್ತೈದರ ಫ್ರೆಂಚ್ ಯುವಕ ಕಡ್ಡಾಯ ಸೈನಿಕ ಸೇವೆಯಲ್ಲಿದ್ದ. ಬಿಡುವಿನಲ್ಲಿ ಫಾಂಟೆನ್‌ಬ್ಲೋ ಕಾಡಿನಲ್ಲಿ ಅಡ್ಡಾಡುವಾಗ ಹಕ್ಕಿಗೂಡು ಆರ್ಕಿಡ್ ಎಂಬ, ಹಸಿರೆಲೆಯೇ ಇಲ್ಲದ ಕಂದು ಬಣ್ಣದ ಗಿಡ ಅವನ ಕಣ್ಣಿಗೆ ಬಿತ್ತು. ಹಿಂದಿನ ವರ್ಷದ ಹೂದಂಟೊಂದು ಬಾಗಿ ತರಗೆಲೆಗಳಡಿ ಹೂತುಹೋಗಿತ್ತು. ಅದರ ಕಾಯಿಗಳೊಳಗೆ ಬೀಜಗಳು ಗುಂಪುಗುಂಪಾಗಿ ಮೊಳೆತಿದ್ದವು. ಬರ್ನಾರ್ ಅವುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ಮೊಳೆತ ಪ್ರತಿಯೊಂದು ಬೀಜದೊಳಗೂ ಶಿಲೀಂಧ್ರದ ನೂಲುಗಳು ಸುರುಳಿ ಸುತ್ತಿಕೊಂಡಿದ್ದವು. ಅದೇ ತಿಂಗಳು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ವರದಿಯಲ್ಲಿ ಅವನ ಶೋಧ ಪ್ರಕಟವಾಯಿತು.

ನಡೆಯುವುದು ಇಷ್ಟು. ನೆಲದಲ್ಲಿಯೋ ತೊಗಟೆಯಲ್ಲಿಯೋ ಹರಡಿರುವ ಶಿಲೀಂಧ್ರ ಕೊಳೆಯುವ ಎಲೆ, ಕಟ್ಟಿಗೆಯಿಂದ ಸಕ್ಕರೆಯಂಶವನ್ನು ಬಿಡಿಸಿಕೊಳ್ಳುತ್ತದೆ. ಆರ್ಕಿಡ್ ಬೀಜ ಸಿಕ್ಕಾಗ ಅದರೊಳಕ್ಕೆ ನೂಲು ಚಾಚುತ್ತದೆ. ಬೀಜದ ಜೀವಕೋಶಗಳು ಆ ನೂಲಿನ ಸುರುಳಿಗಳನ್ನು ಕರಗಿಸಿ ಅರಗಿಸಿಕೊಳ್ಳುತ್ತವೆ. ನುಗ್ಗಿ ತಿನ್ನಲು ಬಂದದ್ದೇ ಊಟವಾಗುತ್ತದೆ. ಎಲೆ ಹಸಿರಾಗುವವರೆಗೆ, ಕೆಲವು ಜಾತಿಗಳಲ್ಲಿ ವರ್ಷಗಟ್ಟಲೆ, ಸಸಿಗೆ ಇದೇ ಎದೆಹಾಲು. ಎಲೆಯೇ ಮೂಡದ ಹಕ್ಕಿಗೂಡಿನಂಥ ಜಾತಿಗಳು ಬದುಕಿನುದ್ದಕ್ಕೂ ಹಾಲು ಬಿಡದ ಮಕ್ಕಳು. ಹಳೆಯ ಕುಂಡದ ಗುಟ್ಟು ಹೀಗೆ ಬಯಲಾಯಿತು: ತಾಯಿಯ ಬೇರಿನಲ್ಲಿದ್ದ ಶಿಲೀಂಧ್ರವೇ ಅಲ್ಲಿ ಬಿದ್ದ ಬೀಜಗಳಿಗೂ ದಕ್ಕುತ್ತಿತ್ತು.

ಬರ್ನಾರ್ ಶಿಲೀಂಧ್ರವನ್ನು ಬೇರ್ಪಡಿಸಿ, ಗಾಜಿನ ನಳಿಕೆಗಳಲ್ಲಿ ಬೀಜದೊಡನೆ ಸೇರಿಸಿ ಸಸಿ ಎಬ್ಬಿಸಿ ತೋರಿಸಿದ. ಆದರೆ ಆಯುಷ್ಯ ಗಟ್ಟಿಯಿರಲಿಲ್ಲ. 1911ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ ಕ್ಷಯರೋಗ ಅವನನ್ನು ಬಲಿ ತೆಗೆದುಕೊಂಡಿತು. ಜರ್ಮನಿಯ ಹಾನ್ಸ್ ಬುರ್ಗೆಫ್ ಮುಂತಾದವರು ಆ ಕೆಲಸವನ್ನು ಮುಂದುವರಿಸಿದರು.

ಮುಂದಿನ ತಿರುವು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ್ದು. ಶಿಲೀಂಧ್ರ ಕೊಡುವುದು ಸಕ್ಕರೆಯನ್ನಾದರೆ ಆ ಸಕ್ಕರೆಯನ್ನು ನಾವೇ ಕೊಟ್ಟರಾಗದೆ ಎಂದು ಲೂಯಿಸ್ ನಡ್ಸನ್ ಯೋಚಿಸಿದ. ಬೀಜಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಶುದ್ಧಗೊಳಿಸಿ, ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಅಂಟಿಗೆ ಲವಣ ಮತ್ತು ಸಕ್ಕರೆ ಬೆರೆಸಿ ಅದರ ಮೇಲೆ ಬಿತ್ತಿದ. ಬೀಜ ಮೊಳೆಯಿತು. 1922ರಲ್ಲಿ ಪ್ರಕಟವಾದ ಈ ವಿಧಾನ ಶಿಲೀಂಧ್ರವಾದಿಗಳ ಟೀಕೆಗೆ ಗುರಿಯಾದರೂ ತೋಟಗಾರರಿಗೆ ವರವಾಯಿತು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಕುಡಿಯ ತುದಿಯ ಚೂರಿನಿಂದಲೇ ಗಿಡ ಬೆಳೆಸುವ ಅಂಗಾಂಶ ಕೃಷಿಯ ದಾರಿ ತೋರಿದ. ರಾಜಮಹಾರಾಜರ ಸೊತ್ತಾಗಿದ್ದ ಹೂವು ಸಾಮಾನ್ಯರ ಕಿಟಕಿಗೆ ಇಳಿದು ಬಂದದ್ದು ಹೀಗೆ. ಇಂದು ನರ್ಸರಿಗಳಲ್ಲಿ ಸಿಗುವ ಮಿಶ್ರತಳಿ ಆರ್ಕಿಡ್‌ಗಳು ಬಹುಪಾಲು ಸೀಸೆಯಲ್ಲಿ ಹುಟ್ಟಿದವು. ಅವು ಕಾಡನ್ನೇ ಕಂಡಿಲ್ಲ.

ಕಟ್ಟಿಗೆ, ಅಣಬೆ, ಗೆಡ್ಡೆ

ಇತ್ತ ಪೂರ್ವದೇಶಗಳಲ್ಲಿ ಇನ್ನೊಂದು ಹವ್ಯಾಸ ಬಹುಕಾಲದಿಂದ ಬೆಳೆದು ಬಂದಿತ್ತು. ಕಡಿದ ದಿಮ್ಮಿಯ ಮೇಲೆ ಶಿಟಾಕೆ ಅಣಬೆ ಬೆಳೆಸುವ ಕ್ರಮವನ್ನು ಚೀನಾದ ವಾಂಗ್ ಝೆನ್ 1313ರ ತನ್ನ ಕೃಷಿಗ್ರಂಥದಲ್ಲಿ ವಿವರಿಸಿದ್ದಾನೆ. ದಿಮ್ಮಿಗೆ ಕೊಡಲಿಯಿಂದ ಕಚ್ಚು ಹಾಕಿ ಮಣ್ಣು ಮುಚ್ಚಿ ಬಿಡುವುದು. ಕಾಲ ಕೂಡಿ ಬಂದಾಗ ದೊಣ್ಣೆಯಿಂದ ಬಡಿದು ಅಣಬೆಯನ್ನು ಎಚ್ಚರಿಸುವುದು! ಬೀಜಕಣ ಗಾಳಿಯಲ್ಲಿ ಬಂದು ಕೂರಬೇಕಾಗಿದ್ದರಿಂದ ಫಸಲು ದೈವೇಚ್ಛೆಯದಾಗಿತ್ತು. ಜಪಾನಿನ ಮೋರಿ ಕಿಸಾಕು ವಿದ್ಯಾರ್ಥಿಯಾಗಿದ್ದಾಗ, ಅಣಬೆ ಮೂಡಲೆಂದು ದಿಮ್ಮಿಗಳಿಗೆ ಕೈಮುಗಿಯುತ್ತಿದ್ದ ಬಡ ರೈತರನ್ನು ಕಂಡು ಮರುಗಿದನೆಂದು ಹೇಳುತ್ತಾರೆ. 1942ರ ಹೊತ್ತಿಗೆ ಅವನು ಶುದ್ಧ ಶಿಲೀಂಧ್ರ ಹಬ್ಬಿಸಿದ ಮರದ ಬೆಣೆಗಳನ್ನು ರೂಪಿಸಿದ. ದಿಮ್ಮಿಗೆ ತೂತು ಕೊರೆದು ಬೆಣೆ ಬಡಿದರೆ ಸಾಕು; ಗಾಳಿಯನ್ನು ಕಾಯಬೇಕಾಗಿಲ್ಲ. ಜಗತ್ತಿನ ಹವ್ಯಾಸಿಗಳು ಹಿತ್ತಿಲಲ್ಲಿ ದಿಮ್ಮಿ ಅಣಬೆ ಬೆಳೆಸುವುದು ಇಂದಿಗೂ ಈ ಬೆಣೆಯಿಂದಲೇ. ಅಮೆರಿಕ ಮಾತ್ರ ಜೀವಂತ ಶಿಟಾಕೆಯನ್ನು 1972ರವರೆಗೆ ಒಳಗೆ ಬಿಡಲಿಲ್ಲ. ರೈಲುಹಳಿಯ ಸ್ಲೀಪರುಗಳನ್ನು ಕೊಳೆಯಿಸುವ ಇನ್ನೊಂದು ಅಣಬೆಯೊಡನೆ ಅದನ್ನು ಗೊಂದಲ ಮಾಡಿಕೊಂಡದ್ದೇ ಕಾರಣ.

ಕರ್ನಾಟಕಕ್ಕೂ ಈ ಇತಿಹಾಸದಲ್ಲಿ ಪಾಲಿದೆ. ಚಿಪ್ಪಣಬೆ ಕೂಡ ಮೂಲತಃ ಸತ್ತ ಮರದ ಮೇಲೆ ಬೆಳೆಯುವಂಥದು. ಮೊದಲ ಮಹಾಯುದ್ಧದ ಹಸಿವಿನ ದಿನಗಳಲ್ಲಿ ಜರ್ಮನಿಯಲ್ಲಿ ಮರದ ಬೊಡ್ಡೆಗಳ ಮೇಲೆ ಅದನ್ನು ಬೆಳೆಸಲು ಪ್ರಯತ್ನಿಸಿದ್ದರು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಜಕಿಯಾ ಬಾನೊ ಮತ್ತು ಎಚ್.ಸಿ. ಶ್ರೀವಾಸ್ತವ ಅದಕ್ಕೆ ಮರವೇ ಬೇಕಾಗಿಲ್ಲ, ಭತ್ತದ ಹುಲ್ಲು ಸಾಕು ಎಂದು 1962ರಲ್ಲಿ ತೋರಿಸಿಕೊಟ್ಟರು. ಹುಲ್ಲು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮನೆಯ ಮೂಲೆಯಲ್ಲೇ ಅಣಬೆ ಬೆಳೆಯುವ ಇಂದಿನ ಹವ್ಯಾಸಿಗಳು ಈ ಸಂಶೋಧನೆಗೆ ಋಣಿಗಳು.

ಮರ ತಿನ್ನುವ ಅಣಬೆ ಮತ್ತು ಅಪರೂಪದ ಗಿಡ, ಈ ಎರಡು ಹವ್ಯಾಸಗಳು ಒಂದಾದದ್ದು ಟಿಯಾನ್ಮಾ ಎಂಬ ಗೆಡ್ಡೆಯಲ್ಲಿ. ಇದು ಎಲೆಯೂ ಇಲ್ಲದ, ಹಸಿರೂ ಇಲ್ಲದ ಒಂದು ಆರ್ಕಿಡ್. ತಲೆನೋವು, ತಲೆಸುತ್ತಿಗೆ ಚೀನಾದ ವೈದ್ಯರು ಇದರ ಗೆಡ್ಡೆಯನ್ನು ಶತಮಾನಗಳಿಂದ ಬಳಸುತ್ತಿದ್ದರು. ಕಾಡಿನಿಂದ ಅಗೆದು ತರುವುದಲ್ಲದೆ ನೆಟ್ಟು ಬೆಳೆಸಲು ಆಗುತ್ತಿರಲಿಲ್ಲ. 1911ರಲ್ಲಿ ಜಪಾನಿನ ಕುಸಾನೊ ಇದರ ಅನ್ನದಾತನನ್ನು ಗುರುತಿಸಿದ: ಜೇನುಬಣ್ಣದ ಆರ್ಮಿಲೇರಿಯಾ ಅಣಬೆ. ಮಣ್ಣಿನಡಿ ಕಪ್ಪು ದಾರಗಳಂತೆ ಹರಿದು ಮರಗಳ ಬೇರು ಕೊಲ್ಲುವುದರಲ್ಲಿ ಇದು ಕುಖ್ಯಾತ. ಅಮೆರಿಕದ ಆರೆಗಾನ್ ಕಾಡಿನಲ್ಲಿ ಈ ಕುಲದ ಒಂದೇ ಜೀವಿ ಸುಮಾರು ಒಂಬತ್ತು ಚದರ ಕಿಲೋಮೀಟರ್ ಹಬ್ಬಿದೆ. ಇಂಥ ಮರಹಂತಕನನ್ನೇ ತಿಂದು ಟಿಯಾನ್ಮಾ ದಪ್ಪಗಾಗುತ್ತದೆ.

ಇದು ತಿಳಿದ ಮೇಲೆ 1960ರ ದಶಕದಲ್ಲಿ ಶು ಜಿನ್‌ಟಾಂಗ್ ಮೊದಲಾದ ಚೀನೀ ಸಂಶೋಧಕರು ಅಣಬೆ ಹತ್ತಿಸಿದ ಕಟ್ಟಿಗೆಯ ತುಂಡುಗಳ ನಡುವೆ ಗೆಡ್ಡೆ ಹೂಳುವ ಕೃಷಿಕ್ರಮವನ್ನು ರೂಪಿಸಿದರು. ಬೀಜ ಮೊಳೆಯಿಸಲು ಮೈಸೀನಾ ಎಂಬ ಪುಟಾಣಿ ಅಣಬೆ ಬೇಕೆಂಬುದು ಆಮೇಲೆ ತಿಳಿಯಿತು. ಬಾಲ್ಯಕ್ಕೆ ಒಬ್ಬ ದಾದಿ, ಬೆಳವಣಿಗೆಗೆ ಇನ್ನೊಬ್ಬಳು! ಕಾಡಿನಲ್ಲಿ ಅಳಿವಿನಂಚಿಗೆ ಬಂದಿದ್ದ ಗೆಡ್ಡೆ ಇಂದು ಚೀನಾದ ಬೆಟ್ಟದೂರುಗಳ ಬೆಳೆ. 1998ರಲ್ಲಿ ಜಪಾನಿನಿಂದ ಇನ್ನೂ ಸೋಜಿಗದ ವರದಿ ಬಂತು. ಎಲೆಯಿಲ್ಲದ ಮತ್ತೊಂದು ಬಳ್ಳಿ ಆರ್ಕಿಡ್‌ನ ಬೀಜ ನಮ್ಮ ಊಟದ ಶಿಟಾಕೆಯ ನೆರವಿನಿಂದಲೂ ಮೊಳೆತು ಬೆಳೆಯಬಲ್ಲದು ಎಂಬುದೇ ಆ ವರದಿ.

ಸೀಸೆಯಿಂದ ಕಾಡಿಗೆ

ಸಕ್ಕರೆಯ ಅಂಟಿನ ಮೇಲೆ ಸಸಿ ಎಬ್ಬಿಸಬಹುದಾದರೆ ಶಿಲೀಂಧ್ರದ ಹಂಗೇಕೆ ಎಂದು ತೋಟಗಾರರು ಕೇಳಬಹುದು. ಮನೆಯ ಕುಂಡದ ಮಟ್ಟಿಗೆ ಈ ಮಾತು ಸರಿ. ಕಾಡಿನ ಮಟ್ಟಿಗೆ ಸಾಲದು. ಸೀಸೆಯಲ್ಲಿ ಬೆಳೆದ ಸಾವಿರ ಸಸಿ ಕಾಡಿಗೆ ಒಯ್ದು ನೆಟ್ಟರೂ ಅಲ್ಲಿ ಅವುಗಳ ಬೀಜ ಮೊಳೆಯಲು ಸರಿಯಾದ ಶಿಲೀಂಧ್ರ ಬೇಕು. ಆ ಶಿಲೀಂಧ್ರಕ್ಕೆ ಕೊಳೆಯುವ ಎಲೆ, ತೊಗಟೆ, ಬಿದ್ದ ಮರ ಬೇಕು. ಮಿಲಿಕನ್‌ನ ತಂಡ ಉರುಳಿಸಿದ ನಾಲ್ಕು ಸಾವಿರ ಮರಗಳ ಜತೆ ಹೋದದ್ದು ಆ ವರ್ಷದ ಗಿಡಗಳಷ್ಟೇ ಅಲ್ಲ. ಮುಂದೆ ಬೀಜ ಬಿದ್ದು ಮೊಳೆಯಬೇಕಾಗಿದ್ದ ಪಾಚಿಗಟ್ಟಿದ ಕೊಂಬೆಗಳೂ ಅವುಗಳ ಜತೆಗೇ ಹೋದವು.

ಇಂಗ್ಲೆಂಡಿನ ಲೇಡಿಸ್ ಸ್ಲಿಪರ್ ಎಂಬ ಹಳದಿ ಆರ್ಕಿಡ್‌ನ ಕಥೆ ಇದಕ್ಕೆ ಪಾಠದಂತಿದೆ. ಹೂಪ್ರೇಮಿಗಳು ಕಿತ್ತು ಕಿತ್ತು ಕೊನೆಗೆ ಯಾರ್ಕ್‌ಷೈರಿನಲ್ಲಿ ಒಂದೇ ಒಂದು ಗಿಡ ಉಳಿಯಿತು. ಜಾಗ ಗುಟ್ಟಾಗಿಟ್ಟು ದಶಕಗಳ ಕಾಲ ಅದನ್ನು ಕಾದರು. ಕ್ಯೂ ಉದ್ಯಾನದ ಪ್ರಯೋಗಾಲಯ ಬೀಜದಿಂದ ಸಸಿ ಬೆಳೆಸಿ ಕಾಡಿಗೆ ಮರಳಿಸಿತು. ಹಾಗೆ ನೆಟ್ಟ ಗಿಡ ಮೊದಲ ಬಾರಿ ಹೂಬಿಟ್ಟದ್ದು 2000ದಲ್ಲಿ. ಅದೇ ಬಳಗದ, ದಕ್ಷಿಣ ಭಾರತದ ಅಗಸ್ತ್ಯಮಲೆಯಲ್ಲಷ್ಟೇ ಬೆಳೆಯುವ ಡ್ರೂರಿ ಆರ್ಕಿಡ್ ಕೂಡ ಸಂಗ್ರಾಹಕರ ಕೈಗೆ ಸಿಕ್ಕಿ ಅಳಿವಿನಂಚು ತಲುಪಿತು. 1975ರಲ್ಲಿ ಜಾರಿಗೆ ಬಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಕಾಡಿನ ಆರ್ಕಿಡ್‌ಗಳ ವ್ಯಾಪಾರಕ್ಕೆ ಕಡಿವಾಣ ಹಾಕಿದೆ. ಆದರೂ ಕದ್ದು ಮಾರುವವರು, ಕೇಳದೆ ಕೊಳ್ಳುವವರು ಇನ್ನೂ ಇದ್ದಾರೆ.

ಅಪರೂಪದ ಗಿಡ ಬೆಳೆಸುವ ಆಸೆ ತಪ್ಪಲ್ಲ. ವಾರ್ಡ್‌ನ ಸೀಸೆ, ಹ್ಯಾರಿಸ್‌ನ ಸಲಹೆ ಹುಟ್ಟಿದ್ದು ಇಂಥ ಆಸೆಯಿಂದಲೇ. ಕಾಡು ಬರಿದಾದದ್ದೂ ಅದೇ ಆಸೆಯಿಂದಲೇ. ಗಿಡ ಕೊಳ್ಳುವವರು ಇದು ಸೀಸೆಯಲ್ಲಿ ಹುಟ್ಟಿದ್ದೋ ಕಾಡಿನಿಂದ ಕಿತ್ತದ್ದೋ ಎಂದು ವಿಚಾರಿಸಿದರೆ ಕಾಡಿಗೆ ಅಷ್ಟು ಉಪಕಾರ. ತೋಟದ ಅಂಚಿನಲ್ಲಿ ಬಿದ್ದ ಮರವನ್ನು ಕಸವೆಂದು ಸುಡದೆ ಕೊಳೆಯಲು ಬಿಟ್ಟರೆ ಇನ್ನಷ್ಟು ಉಪಕಾರ. ಮಳೆ ಹಿಡಿದಾಗ ಅದರ ಮೇಲೆ ಮೂಡುವ ಅಣಬೆಗಳು ನಾಲ್ಕು ದಿನದಲ್ಲಿ ಕರಗಿಹೋಗುತ್ತವೆ. ಮರದೊಳಗೆ, ಮಣ್ಣಿನೊಳಗೆ ಅವುಗಳ ನೂಲು ವರ್ಷಗಳ ಕಾಲ ಉಳಿಯುತ್ತದೆ. ಗಾಳಿಯಲ್ಲಿ ಹಾರಿಬರುವ ಬುತ್ತಿಯಿಲ್ಲದ ಬೀಜಗಳಿಗೆ ಆಸರೆ ಸಿಗುವುದು ಇಂಥ ನೂಲಿನಲ್ಲಿ.